ತನ್ನ ಕೈಯನ್ನೂ ನಂಬದ ಮೇಡಂ

ಅವರು ನಮ್ಮ ಕಾಲೇಜಿಗೆ ಬಂದು ಸೇರುವ ಮೊದಲೇ ಅವರ ಬಗೆಗಿನ ಸಂಶಯ ಬಂದು ಸೇರಿತ್ತು. ಪುತ್ತೂರಿನಲ್ಲಿ ಇದೇನೂ ಹೊಸತಲ್ಲ. ಹೊಸಬರು ಬಸ್ಸಿನಿಂದ ಇಳಿಯುವಷ್ಟರಲ್ಲಿ ಅವರ ತಾಯಿಮನೆ ಯಾವುದು, ಹಿಂದಿನ ಕೆಲಸ ಯಾಕೆ ಬಿಟ್ಟರು ಎಂಬುದೆಲ್ಲ ಯಾರಾದರೊಬ್ಬರಿಗೆ ಗೊತ್ತಿರುತ್ತದೆ. ಪ್ರಾಣಿಶಾಸ್ತ್ರಕ್ಕೆ ಬರಲಿರುವ ಮೇಡಂ ಕಡಬದ ಕಡೆಯವರು, ಸುಳ್ಯದಲ್ಲಿ ಪಾಠ ಮಾಡುತ್ತಿದ್ದವರು, ನಡುವೆ ರಜೆ ಹಾಕಿ ದೂರದ ಊರಿನ ದೊಡ್ಡ ಪ್ರಯೋಗಾಲಯವೊಂದಕ್ಕೆ ಪಿಎಚ್‌ಡಿ ಮಾಡಲು ಹೋಗಿ ಬರಿಗೈಯಲ್ಲಿ ಹಿಂದೆ ಬಂದವರು ಎಂದು ನಮ್ಮ ಸ್ಟಾಫ್‌ರೂಮಿಗೆ ಸುದ್ದಿ ತಂದದ್ದು ಭೌತಶಾಸ್ತ್ರದ ಸಹೋದ್ಯೋಗಿ.

"ಸುಮ್ಮನೆ ಬಂದದ್ದಲ್ಲ ಮಾರಾಯ್ರೆ, ಹೊರಗೆ ಹಾಕಿದ್ದಂತೆ" ಎಂದು ಅವರು ಧ್ವನಿ ತಗ್ಗಿಸಿದರು. "ಪ್ರಯೋಗದಲ್ಲಿ ಎಂತದೋ ಸುಳ್ಳು ಬರೆದಿದ್ದಾರಂತೆ. ಅಲ್ಲದಿದ್ರೆ ಮುಗಿಯುವ ಹೊತ್ತಿಗೆ ಯಾರಾದ್ರೂ ಬಿಟ್ಟು ಬರ್ತಾರಾ?"

ನಾನು ಕನ್ನಡ ಪಾಠ ಮಾಡುವವಳು. ವಿಜ್ಞಾನದವರು ಎಂಥ ಸುಳ್ಳು ಬರೆಯಬಹುದು ಎಂಬ ಕಲ್ಪನೆಯೇ ನನಗಿರಲಿಲ್ಲ. ಆದರೂ ಆ ಮಾತು ಮನಸ್ಸಿನಲ್ಲಿ ಕೂತಿತು. ಮೇಡಂ ಮೊದಲ ದಿನ ಬಂದಾಗ ನಾವೆಲ್ಲ ಎದ್ದು ನಮಸ್ಕಾರ ಮಾಡಿದ್ದು ಅವರನ್ನು ಸರಿಯಾಗಿ ನೋಡುವುದಕ್ಕೇ ಇರಬೇಕು.

ನೋಡಲು ಏನೂ ವಿಶೇಷವಿರಲಿಲ್ಲ. ತೆಳ್ಳಗಿನ ಹೆಂಗಸು, ಇಸ್ತ್ರಿ ಮಾಡಿದ ಹತ್ತಿ ಸೀರೆ, ಕಿವಿಯಲ್ಲಿ ಸಣ್ಣ ಓಲೆ. ಆದರೆ ನಾವು ಅವರನ್ನು ನೋಡುವುದಕ್ಕಿಂತ ಹೆಚ್ಚು ಅವರೇ ನಮ್ಮನ್ನು ನೋಡಿದರು. ಚಹಾ ತಂದು ಕೊಟ್ಟರೆ ಮೂಗಿನ ಹತ್ತಿರ ಹಿಡಿದು, "ಹಾಲು ಬೆಳಿಗ್ಗೆಯದ್ದಾ?" ಎಂದು ಕೇಳಿದರು. ನಾನು ಮಾತು ಬೆಳೆಸೋಣವೆಂದು, "ಸೀರೆ ಚಂದ ಉಂಟು ಮೇಡಂ" ಎಂದೆ. ಅವರು ಒಂದು ಕ್ಷಣ ನನ್ನ ಮುಖ ನೋಡಿ, "ನನ್ನಿಂದ ಎಂತಾದ್ರೂ ಆಗ್ಬೇಕಿತ್ತಾ?" ಎಂದರು. ಕುಹಕವಿರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದ್ದು.

ತರಗತಿಯಲ್ಲೂ ಹೀಗೆಯೇ. ಮಕ್ಕಳು ಪುಸ್ತಕದಲ್ಲಿದ್ದಂತೆ ಸರಿಯುತ್ತರ ಹೇಳಿದರೆ, "ಅದು ನಿಮಗೆ ಹೇಗೆ ಗೊತ್ತು?" ಎಂದು ಕೇಳುತ್ತಿದ್ದರು. ಪುಸ್ತಕದಲ್ಲಿ ಉಂಟು ಎಂದರೆ, "ಪುಸ್ತಕದವರಿಗೆ ಹೇಗೆ ಗೊತ್ತಾಯ್ತು?" ಮಕ್ಕಳು ಮೊದಲ ವರ್ಷ ಅತ್ತರು, ಎರಡನೆಯ ವರ್ಷ ಅವರಿಗೆ ಅಡ್ಡಹೆಸರಿಟ್ಟರು, ಮೂರನೆಯ ವರ್ಷ ತಾವೂ ಹಾಗೆಯೇ ಕೇಳಲು ಕಲಿತರು. ಒಮ್ಮೆ ಒಬ್ಬಳು ಹುಡುಗಿ ಅವರ ಪಾಠವನ್ನೇ ನಿಲ್ಲಿಸಿ, "ಅದು ನಿಮಗೆ ಹೇಗೆ ಗೊತ್ತು ಮೇಡಂ?" ಎಂದಳಂತೆ. ಅಂದು ಅವರು ಸ್ಟಾಫ್‌ರೂಮಿಗೆ ಬಂದಾಗ ಮುಖದಲ್ಲಿ ನಗು ಕಂಡೆವು. ಅದು ಅಪರೂಪವಾದ್ದರಿಂದ, ಎಂತ ಆಗಿರಬಹುದು ಎಂದು ನಾವೆಲ್ಲ ಮತ್ತೆ ಸಂಶಯಪಟ್ಟೆವು.

ನನ್ನ ಮನೆ ನರಿಮೊಗರಿನಲ್ಲಿ. ಸಂಜೆ ನಾನು ಹತ್ತುವ ಬಸ್ಸಿನಲ್ಲೇ ಅವರು ಕಡಬಕ್ಕೆ ಹೋಗುತ್ತಿದ್ದರು. ಅಲ್ಲಿ ತಮ್ಮನ ಕುಟುಂಬದ ಜೊತೆ ಇದ್ದರು, ಮದುವೆಯಾಗಿರಲಿಲ್ಲ. ಬಸ್ಸಿನಲ್ಲಿ ಅಕ್ಕಪಕ್ಕ ಕೂತು ಕೂತು ನಮಗೆ ಮಾತಿನ ಬಳಕೆಯಾಯಿತು. ಒಂದು ದಿನ ಧೈರ್ಯ ಮಾಡಿ, "ನೀವು ಅಲ್ಲಿ ಸಂಶೋಧನೆ ಮಾಡಿದ್ದು ಯಾವುದರ ಮೇಲೆ?" ಎಂದು ಕೇಳಿದೆ.

"ಕೇಳ್ಲಿಕ್ಕೆ ಯಾರು ಹೇಳಿದ್ದು?"

"ಯಾರೂ ಇಲ್ಲ, ನಾನೇ."

ಬಸ್ಸು ದರ್ಬೆ ದಾಟಿತು. ಆಮೇಲೆ, ಪರೀಕ್ಷೆ ಮಾಡಿ ನೋಡುವವರ ಹಾಗೆ, ಸ್ವಲ್ಪ ಸ್ವಲ್ಪವೇ ಹೇಳಿದರು.

"ನಮ್ಮ ರಕ್ತದಲ್ಲಿ ಕಾವಲಿನ ಕೋಶಗಳು ಉಂಟಲ್ಲ, ಅವುಗಳ ಕೆಲಸವೇ ಸಂಶಯಪಡುದು. ಇವ ನಮ್ಮವನಾ, ಹೊರಗಿನವನಾ ಅಂತ. ಹೊರಗಿನವ ಅಂತ ಕಂಡ್ರೆ ಬೊಬ್ಬೆ ಹಾಕ್ತವೆ. ಬೊಬ್ಬೆ ಅಂದ್ರೆ ಒಂದು ಜಾತಿಯ ಪ್ರೋಟೀನ್. ಜ್ವರ ಬರುದು, ಬಾವು ಬರುದು ಎಲ್ಲ ಅದರಿಂದ. ಆ ಪ್ರೋಟೀನ್ ಆಗ್ಬೇಕಾದ್ರೆ ಜೀನಿನಿಂದ ಒಂದು ಸಂದೇಶ ಬರ್ಬೇಕು. ನಾನು ಕೆಲಸ ಮಾಡಿದ್ದು ಮೈಕ್ರೋ ಆರ್‌ಎನ್‌ಎ ಮೇಲೆ, ಅಂದ್ರೆ ಆ ಸಂದೇಶದ ಜಾತಿಯದ್ದೇ ಚೂರೇ ಚೂರು ಉದ್ದದ ತುಂಡು. ಅದರಿಂದ ಯಾವ ಪ್ರೋಟೀನೂ ಆಗುದಿಲ್ಲ. ಅದು ಹೋಗಿ ಆ ಸಂದೇಶಕ್ಕೆ ಅಂಟಿಕೊಳ್ತದೆ. ಅಂಟಿದ ಮೇಲೆ ಸಂದೇಶವನ್ನು ಸರಿಯಾಗಿ ಓದ್ಲಿಕ್ಕೆ ಆಗುದಿಲ್ಲ. ಬೊಬ್ಬೆ ಸಣ್ಣ ಆಗ್ತದೆ."

"ಪೂರ್ತಿ ನಿಲ್ಲುದಾ?"

"ನಿಲ್ಲುದಿಲ್ಲ, ತಗ್ಗುದು. ಅದೇ ಅದರ ಚಂದ" ಎಂದರು. ಮೊದಲ ಬಾರಿಗೆ ಅವರ ದನಿಯಲ್ಲಿ ಉತ್ಸಾಹ ಕೇಳಿದೆ. "ಮತ್ತೆ ಒಂದು ಗಮ್ಮತ್ತು ಗೊತ್ತುಂಟಾ? ಯಾವ ಸೂಚನೆ ಸಿಕ್ಕಿ ಕೋಶ ಬೊಬ್ಬೆ ಹಾಕ್ತದೋ, ಅದೇ ಸೂಚನೆಯಿಂದ ಈ ತುಂಡೂ ತಯಾರಾಗ್ತದೆ. ಜಗಳ ಶುರು ಮಾಡುವಾಗಲೇ ಬಿಡಿಸುವವನಿಗೂ ಹೇಳಿ ಕಳಿಸುದು. ಅಂಥ ಒಂದು ತುಂಡು ಇಲ್ಲದ ಇಲಿ ಸಣ್ಣದಿರುವಾಗ ಚೆನ್ನಾಗಿಯೇ ಇರ್ತದೆ. ಪ್ರಾಯ ಆದ ಹಾಗೆ ಅದರ ಕಾವಲಿನವರು ಅದನ್ನೇ ತಿನ್ನಲಿಕ್ಕೆ ಶುರು ಮಾಡ್ತಾರೆ. ಇನ್ನೊಂದು ತುಂಡಿನದ್ದು ಇದಕ್ಕೆ ಉಲ್ಟಾ ಕೆಲಸ. ಅದಿಲ್ಲದಿದ್ರೆ ಕಾವಲಿನವರಿಗೆ ಸಂಶಯವೇ ಬರುದಿಲ್ಲ. ಲಸಿಕೆ ಕೊಟ್ರೂ ಹಿಡಿಯುದಿಲ್ಲ."

ನಾನು ನನ್ನ ಕಸುಬಿಗೆ ತಕ್ಕಂತೆ, ಇದಕ್ಕೆ ಕನ್ನಡದಲ್ಲಿ 'ಕಿರು ಆರ್‌ಎನ್‌ಎ' ಎನ್ನಬಹುದಲ್ಲ ಎಂದೆ. ಅವರು ಆ ಶಬ್ದವನ್ನೂ ಚಹಾದ ಹಾಗೆ ಮೂಸಿ ನೋಡಿದರು. "ಕಿರು ಅಂದ್ರೆ ಸಣ್ಣ ಕೆಲಸ ಅಂತ ಮಕ್ಕಳು ತಿಳ್ಕೊಳ್ಳುದಿಲ್ವಾ?" ಎಂದು ಕೇಳಿ, ಮರುದಿನದಿಂದ ತಾವೂ ಅದನ್ನೇ ಬಳಸತೊಡಗಿದರು.

ಅಷ್ಟೆಲ್ಲ ಹೇಳಿದವರು, ಅಲ್ಲಿಂದ ಯಾಕೆ ಬಂದಿರಿ ಎಂಬ ಪ್ರಶ್ನೆ ಬಂದಾಗ ಮಾತ್ರ ಕಿಟಕಿಯ ಹೊರಗೆ ನೋಡಿದರು. ಭೌತಶಾಸ್ತ್ರದವರು ಹೇಳಿದ್ದರಲ್ಲಿ ಏನೋ ಇರಬೇಕು ಎಂದು ನನಗೆ ಅನಿಸಿದ್ದು ಆಗಲೇ.

ಐವರ್ನಾಡಿಗೆ ಮದುವೆ ಮಾಡಿ ಕೊಟ್ಟಿದ್ದ ನನ್ನ ತಂಗಿ ಶಶಿಗೆ ಆ ವರ್ಷ ಮೈ ಸರಿಯಿರಲಿಲ್ಲ. ಬಿಟ್ಟು ಬಿಟ್ಟು ಜ್ವರ, ಗಂಟುನೋವು. ಗಂಡ ಜನಾರ್ದನನ ಜೊತೆ ರಬ್ಬರ್ ತೋಟದಲ್ಲಿ ಸಮಕ್ಕೆ ಸಮ ದುಡಿಯುತ್ತಿದ್ದವಳು ಹಾಲಿನ ಬಟ್ಟಲು ಎತ್ತಲಾರದ ಸ್ಥಿತಿಗೆ ಬಂದಿದ್ದಳು. ಚಿಕೂನ್‌ಗುನ್ಯ ಬಂದು ಹೋದದ್ದಿರಬೇಕು ಎಂದು ಔಷಧಿಯಾಯಿತು. ಅವಳ ಅತ್ತೆಗೆ ಬೇರೆಯೇ ಸಂಶಯ. ಸೊಸೆ ಕೆಲಸ ತಪ್ಪಿಸಲು ಕಲಿತಿದ್ದಾಳೆ ಎಂದು. ವಿಶ್ರಾಂತಿಗೆಂದು ನಾನು ಅವಳನ್ನು ನಮ್ಮ ಮನೆಗೆ ಕರೆದುಕೊಂಡು ಬಂದೆ. ಪುತ್ತೂರಿನಿಂದ ಬರುವಾಗ ಬಸ್ಸಿನಲ್ಲಿ ಮೇಡಂ ಸಿಕ್ಕಿದರು.

ಅವರು ಶಶಿಯ ಮುಖವನ್ನೇ ನೋಡುತ್ತಾ ಕೂತರು. ಶಶಿ ಮುಜುಗರಪಟ್ಟು ಸೆರಗಿನಿಂದ ಕೆನ್ನೆ ಒರೆಸಿಕೊಂಡಳು.

"ಮೂಗಿನ ಎರಡೂ ಬದಿ ಈ ಕೆಂಪು ಯಾವಾಗಿಂದ?" ಎಂದು ಮೇಡಂ ಕೇಳಿದರು. "ಬಿಸಿಲಿಗೆ ಹೋದ್ರೆ ಜಾಸ್ತಿಯಾ? ಬೆಳಿಗ್ಗೆ ಏಳುವಾಗ ಬೆರಳು ಮಡಚ್ಲಿಕ್ಕೆ ಆಗುದಿಲ್ವಾ? ತಲೆಕೂದಲು?"

ಶಶಿ ಎಲ್ಲದಕ್ಕೂ ಹೌದು ಎಂದಳು. ಇಷ್ಟರವರೆಗೆ ಯಾರೂ ಅವಳ ಮಾತನ್ನು ಹೀಗೆ ಒಂದೊಂದಾಗಿ ಕೇಳಿರಲಿಲ್ಲ. ಇಳಿಯುವಾಗ ಮೇಡಂ ನನ್ನ ಕೈ ಹಿಡಿದು ನಿಲ್ಲಿಸಿದರು. "ನಾನು ಡಾಕ್ಟರಲ್ಲ. ನನಗೆ ಸಂಶಯ, ಅಷ್ಟೆ. ಮಂಗಳೂರಿನಲ್ಲಿ ಗಂಟಿನ ರೋಗದ ಡಾಕ್ಟರಿಗೆ ತೋರಿಸಿ. ಲೂಪಸ್ ಇರಬಹುದಾ ಅಂತ ನೀವೇ ಬಾಯಿ ಬಿಟ್ಟು ಕೇಳಿ."

ಅದು ಲೂಪಸ್ಸೇ ಆಗಿತ್ತು. ಕಾವಲಿನವರು ಮನೆಯವರನ್ನೇ ಕಳ್ಳರೆಂದು ಹೊಡೆಯುವ ಕಾಯಿಲೆ. ಮಂಗಳೂರಿನ ಡಾಕ್ಟರು ಕೊಟ್ಟ ಗುಳಿಗೆಗಳು ಹಿಡಿದವು. ಜ್ವರ ನಿಂತಿತು, ಕೈ ಮಡಚಲು ಬಂತು. ಆದರೆ ಗುಳಿಗೆಗಳಲ್ಲಿ ಒಂದು ಸ್ಟೀರಾಯ್ಡ್ ಆಗಿತ್ತು. ಅದರಿಂದ ಅವಳ ಮುಖ ಊದಿ ದುಂಡಗಾಯಿತು. ಮದುವೆ ಮನೆಗೆ ಹೋದರೆ, "ಎಂತ ಶಶಿ, ಗುರ್ತವೇ ಸಿಗ್ಲಿಲ್ಲ, ಹೀಗೆ ದಪ್ಪ ಆಗಿದ್ದಿ?" ಎಂಬ ಮಾತು. ಅವಳು ಎಲ್ಲಿಗೂ ಹೋಗುವುದನ್ನು ಬಿಟ್ಟಳು.

ಹೀಗಿರುವಾಗ ಜನಾರ್ದನನ ದೂರದ ಸಂಬಂಧಿ ಪ್ರಸನ್ನ ಎಂಬವನು ಒಂದು ಹೊಸ ಕ್ಯಾಪ್ಸೂಲ್ ಮಾರಲು ಶುರು ಮಾಡಿದ. ಮೊದಲು ಸುಳ್ಯದಲ್ಲಿ ಇನ್ನೇನನ್ನೋ ಮಾರುತ್ತಿದ್ದವನು. ಒಂದು ಭಾನುವಾರ ಪುತ್ತೂರಿನ ಸಭಾಭವನವೊಂದರಲ್ಲಿ ಅದರ ಬಗ್ಗೆ ಮಾಹಿತಿ ಕಾರ್ಯಕ್ರಮ ಉಂಟು, ಸುಮ್ಮನೆ ಕೇಳಿ ಬರುವ ಎಂದು ಶಶಿ ನನ್ನನ್ನು ಕರೆದಳು. ಬಸ್‌ಸ್ಟ್ಯಾಂಡಿನಲ್ಲಿ ಅವಳನ್ನು ಕಂಡಾಗ ನನಗೆ ಖುಷಿಯಾಯಿತು. ಮುಖ ಇಳಿದು ಮೊದಲಿನ ಶಶಿಯ ಹಾಗೆ ಕಾಣುತ್ತಿದ್ದಳು. ರೋಗ ಹಿಡಿತಕ್ಕೆ ಬಂತೆಂದು ಸಮಾಧಾನಪಟ್ಟುಕೊಂಡೆ.

ವೇದಿಕೆಯಲ್ಲಿ ಪ್ರಸನ್ನ ಪ್ಯಾಂಟು ಕೋಟು ಹಾಕಿ ನಿಂತಿದ್ದ. ಪರದೆಯ ಮೇಲೆ ಎರಡು ಚಿತ್ರ. ಒಂದರಲ್ಲಿ ಕೋಶಗಳು ಕೆಂಪಗೆ ಉರಿಯುತ್ತಿದ್ದವು, ಇನ್ನೊಂದರಲ್ಲಿ ತಣ್ಣಗಿದ್ದವು. "ಮೈಕ್ರೋ ಆರ್‌ಎನ್‌ಎ" ಎಂದು ಅವನು ಹೇಳಿದ್ದು ಕೇಳಿ ನಾನು ನೆಟ್ಟಗೆ ಕೂತೆ. ಗಿಡದಿಂದ ತೆಗೆದ ಮೈಕ್ರೋ ಆರ್‌ಎನ್‌ಎ ಈ ಕ್ಯಾಪ್ಸೂಲಿನಲ್ಲಿ ಉಂಟು, ಅದು ಹೊಟ್ಟೆಯ ಮೂಲಕ ರಕ್ತಕ್ಕೆ ಹೋಗಿ ಸಿಟ್ಟಿಗೆದ್ದ ಕೋಶಗಳನ್ನು ಸಮಾಧಾನ ಮಾಡುತ್ತದೆ ಎಂದ.

"ಇದು ಯಾವುದೋ ಅಮೆರಿಕದವರು ಹೇಳಿದ್ದಲ್ಲ. ನಮ್ಮ ದೇಶದ್ದೇ ಸಂಶೋಧನೆ. ಇದಕ್ಕೆ ದುಡಿದ ಒಬ್ಬರು ಮೇಡಂ ಇದೇ ಪುತ್ತೂರಿನ ಕಾಲೇಜಿನಲ್ಲಿ ಪಾಠ ಮಾಡ್ತಾ ಇದ್ದಾರೆ. ಆ ಸಂಶೋಧನೆಯ ಲೇಖನದ ಕೊನೆಗೆ ಅವರಿಗೆ ಧನ್ಯವಾದ ಹೇಳಿದ್ದನ್ನು ನೀವೇ ನೋಡಿ."

ಪರದೆಯ ಮೇಲೆ ಇಂಗ್ಲಿಷಿನಲ್ಲಿ ಅವರ ಹೆಸರು ಮೂಡಿತು. ಶಶಿ ನನ್ನ ತೋಳು ಹಿಂಡಿದಳು. "ಅಕ್ಕಾ, ನಮ್ಮ ಮೇಡಂ!"

ನನಗೆ ಖುಷಿಯಾಗಲಿಲ್ಲ. ವರ್ಷಗಟ್ಟಲೆ ಪಕ್ಕದಲ್ಲಿ ಕೂತು ಬಂದವರು ಇದನ್ನು ಒಮ್ಮೆಯೂ ಹೇಳಲಿಲ್ಲವಲ್ಲ! ಈ ವ್ಯಾಪಾರ ಅವರಿಗೆ ಗೊತ್ತಿದೆಯೇ? ಗೊತ್ತಿದ್ದೂ ಸುಮ್ಮನಿದ್ದಾರೆಯೇ? ಬಸ್ಸಿನಲ್ಲಿ ಶಶಿಯ ಮುಖವನ್ನು ಅಷ್ಟು ಹೊತ್ತು ನೋಡಿದ್ದು ಯಾವ ಲೆಕ್ಕದಲ್ಲಿ? ಅಲ್ಲಿ ಕೂತಿದ್ದಷ್ಟು ಹೊತ್ತೂ ನನ್ನ ತಲೆಯಲ್ಲಿ ಇದೇ ಓಡಿತು. ಪ್ರಸನ್ನ ಮತ್ತೇನು ಹೇಳಿದ ಎಂಬುದು ಈಗ ನೆನಪಿಲ್ಲ.

ಮರುದಿನ ಬಸ್ಸಿನಲ್ಲಿ ನೇರವಾಗಿ ಕೇಳಿದೆ. ಮೇಡಂ ಚೀಲವನ್ನು ಮಡಿಲಿನಿಂದ ತೆಗೆದು ಕೆಳಗಿಟ್ಟರು, ಮತ್ತೆ ಮಡಿಲಿಗೆ ಎತ್ತಿಕೊಂಡರು.

"ಧನ್ಯವಾದವಾ? ಎಲ್ಲಿಯೂ ನನ್ನ ಹೆಸರು ಬೇಡ ಅಂತ ಹೇಳಿ ಬಂದದ್ದು ನಾನು."

"ಯಾಕೆ ಬೇಡ?"

"ನಿಮ್ಮ ತಂಗಿ ಅದನ್ನು ತಿಂತಾ ಇದ್ದಾರಾ?" ಎಂದು ಕೇಳಿದರು.

"ಇಲ್ಲಪ್ಪ. ಕೇಳಿ ಬಂದದ್ದು ಮಾತ್ರ."

"ಅದು ನಿಮಗೆ ಹೇಗೆ ಗೊತ್ತು?"

ನನಗೆ ಸಿಟ್ಟು ಬಂತು. ನನ್ನ ತಂಗಿಯ ವಿಷಯ ನನಗೆ ಗೊತ್ತಿಲ್ಲದೆ ಇವರಿಗೆ ಗೊತ್ತೇ? ನರಿಮೊಗರು ಬಂದು ನಾನು ಏಳುವಾಗ ಅವರು ತಲೆಯೆತ್ತದೆ ಹೇಳಿದರು, "ಈ ಭಾನುವಾರ ಐವರ್ನಾಡಿಗೆ ಹೋಗುವಾ? ನಾನೂ ಬರ್ತೇನೆ."

ಯಾರ ಮನೆಯ ಕಾರ್ಯಕ್ಕೂ ಬಾರದಿದ್ದ ಹೆಂಗಸು. ಯಾಕೆ ಬರುತ್ತಾರೆ ಎಂಬ ಸಂಶಯ ಇಟ್ಟುಕೊಂಡೇ ನಾನು ಆಯಿತು ಎಂದೆ.

ಬೆಳ್ಳಾರೆಯಲ್ಲಿ ಬಸ್ಸು ಬದಲಿಸಿ ನಾವು ಶಶಿಯ ಮನೆ ಮುಟ್ಟುವಾಗ ಬಿಸಿಲು ಏರಿತ್ತು. ಅಂಗಳದಲ್ಲಿ ರಬ್ಬರ್ ಶೀಟುಗಳು ತಂತಿಯ ಮೇಲೆ ಒಣಗುತ್ತಿದ್ದವು. ಶಶಿ ಸಂಭ್ರಮದಿಂದ ಓಡಿ ಬಂದಳು. "ಮೇಡಂ, ನೋಡಿ, ಈಗ ನಾನು ಹೇಗಿದ್ದೇನೆ?" ಎಂದು ಮುಖ ಮುಂದೆ ಮಾಡಿ ನಿಂತಳು. ಅತ್ತೆ, ಜನಾರ್ದನ ಇಬ್ಬರೂ ಜಗಲಿಯಲ್ಲಿ ನಗುತ್ತಿದ್ದರು.

ಮೇಡಂ ನಗಲಿಲ್ಲ. ಕಾಲು ತೊಳೆಯಲು ಕೊಟ್ಟ ನೀರನ್ನು ಹಾಗೆಯೇ ಕೆಳಗಿಟ್ಟರು.

"ಮುಖ ಇಳಿದಿದೆ. ಸ್ಟೀರಾಯ್ಡ್ ಯಾವಾಗ ನಿಲ್ಲಿಸಿದ್ದು?"

ಶಶಿಯ ನಗು ಅಲ್ಲಿಗೇ ನಿಂತಿತು. ಜನಾರ್ದನ, "ಎಂತ, ನಿಲ್ಲಿಸಿದ್ದಾ?" ಎಂದು ಹೆಂಡತಿಯ ಕಡೆ ತಿರುಗಿದ. ಅವನಿಗೂ ಗೊತ್ತಿರಲಿಲ್ಲ. ನಾವೆಲ್ಲ ಹೊಗಳಿದ ಆ ಮುಖವನ್ನು ಅವರೊಬ್ಬರೇ ಸಂಶಯದಿಂದ ನೋಡಿದ್ದು. ಶಶಿ ಸೆರಗಿನ ತುದಿ ಸುತ್ತುತ್ತಾ ಒಪ್ಪಿಕೊಂಡಳು. ಸಭೆಗೆ ಬರುವ ಎಷ್ಟೋ ಮೊದಲಿಂದಲೇ ಪ್ರಸನ್ನನ ಕ್ಯಾಪ್ಸೂಲ್ ತಿನ್ನುತ್ತಿದ್ದಳು. ಮಂಗಳೂರಿನ ಗುಳಿಗೆಯನ್ನು ಸ್ವಲ್ಪ ಸ್ವಲ್ಪವಾಗಿ ಕಡಿಮೆ ಮಾಡಿ ಪೂರ್ತಿ ಬಿಟ್ಟಿದ್ದಳು. ನನ್ನನ್ನು ಸಭೆಗೆ ಕರೆದದ್ದು ನನಗೂ ನಂಬಿಕೆ ಬರಲಿ ಎಂದು.

"ನೀವೇ ಕಂಡುಹಿಡಿದ ಮದ್ದಲ್ವಾ ಮೇಡಂ?" ಎಂದಳು.

ಜಗಲಿಯ ಬೆಂಚಿನಲ್ಲಿ ಕೂತು ಅವರು ಹೇಳಿದ್ದು ಅಂದು ಮೊದಲ ಬಾರಿ. ಬೇರೆ ಯಾರಿಗಾದರೂ ಹೇಳಿದ್ದರೋ ಇಲ್ಲವೋ ನನಗೆ ತಿಳಿಯದು.

ಆ ಲೇಖನದಲ್ಲಿರುವ ಪ್ರಯೋಗಗಳನ್ನು ಕೈಯಾರೆ ಮಾಡಿದ್ದು ಅವರೇ. ಇಲಿಯ ಕಾವಲು ಕೋಶಗಳ ಒಳಗೆ ಕಿರು ಆರ್‌ಎನ್‌ಎಯನ್ನು ಹೆಚ್ಚುವರಿಯಾಗಿ ಸೇರಿಸಿ, ಆಮೇಲೆ ಬ್ಯಾಕ್ಟೀರಿಯಾದ ಹೊರಕವಚದ ಅಂಶವನ್ನು ಅವುಗಳಿಗೆ ತೋರಿಸುವುದು. ಕೋಶಗಳು ಬೊಬ್ಬೆ ಹಾಕಬೇಕಿತ್ತು, ಹಾಕಲಿಲ್ಲ. ಅವರ ಗೈಡ್ ಸಂತೋಷದಿಂದ ಲೇಖನ ಬರೆಯಲು ಕೂತರು. ಅಷ್ಟರಲ್ಲಿ ಇವರಿಗೆ ಸಂಶಯ ಹುಟ್ಟಿತು. ಕಿರು ಆರ್‌ಎನ್‌ಎಯನ್ನು ಕೋಶದೊಳಗೆ ಹೊತ್ತೊಯ್ಯಲು ಒಂದು ವಾಹಕ ಬೇಕು. ಆ ವಾಹಕವನ್ನು ಬೆಳೆಸುವುದು ಬ್ಯಾಕ್ಟೀರಿಯಾದಲ್ಲೇ. ಎಷ್ಟು ತೊಳೆದರೂ ಬ್ಯಾಕ್ಟೀರಿಯಾದ ಕವಚದ ಒಂದಿಷ್ಟು ಅಂಶ ಅದರ ಜೊತೆ ಉಳಿದುಬಿಟ್ಟರೆ? ಒಮ್ಮೆ ಆ ಅಂಶದ ರುಚಿ ಕಂಡ ಕೋಶ ಎರಡನೆಯ ಸಲ ಅದನ್ನು ಕಂಡಾಗ ತನ್ನಷ್ಟಕ್ಕೆ ಮೆತ್ತಗಾಗಿರುತ್ತದೆ.

"ಹಾಗಾದ್ರೆ ಕೋಶವನ್ನು ಸುಮ್ಮನಾಗಿಸಿದ್ದು ನಾನು ಹಾಕಿದ ತುಂಡಾ, ಅದರ ಜೊತೆ ಬಂದ ಕೊಳೆಯಾ? ನಾವು ಹೋಲಿಸಿ ನೋಡ್ಲಿಕ್ಕೆ ಇಟ್ಟಿದ್ದ ಖಾಲಿ ವಾಹಕ ಬೇರೆ ರೀತಿಯಲ್ಲಿ ತೊಳೆದದ್ದಾಗಿತ್ತು. ನಾನು ಖಾಲಿ ವಾಹಕವನ್ನೂ ಅದೇ ರೀತಿಯಲ್ಲಿ ತಯಾರು ಮಾಡಿ ಹಾಕಿದೆ. ಕೋಶಗಳು ಹಾಗೆಯೇ ಸುಮ್ಮನಾದವು. ತುಂಡೇ ಇಲ್ಲ, ಆದ್ರೂ ಸುಮ್ಮನಾದವು."

"ಗೈಡಿಗೆ ಹೇಳ್ಲಿಲ್ವಾ?" ಎಂದೆ.

"ಹೇಳಿದೆ. ನಿನ್ನ ಕೈ ಸರಿಯಿಲ್ಲ ಅಂದ್ರು. ಇನ್ನೊಮ್ಮೆ ಮಾಡಿದೆ. ಅದೇ ಬಂತು. ಮೂರನೇ ಸಲ ಮಾಡ್ಲಿಕ್ಕೆ ಕೋಶ ಕೊಡ್ಲಿಲ್ಲ. ನನ್ನ ಹೆಸರು ತೆಗೆಯಿರಿ ಅಂತ ಹೇಳಿ ಬಂದೆ."

ಅಷ್ಟು ಹೊತ್ತು ಕಂಬಕ್ಕೆ ಒರಗಿ ನಿಂತಿದ್ದ ಜನಾರ್ದನ ನನ್ನ ಕಡೆ ಬಾಗಿ, ಅವರಿಗೂ ಕೇಳುವಷ್ಟು ಜೋರಾಗಿಯೇ ಹೇಳಿದ, "ತನಗೆ ಸಿಗದ ಹೆಸರು ಬೇರೆಯವರಿಗೆ ಸಿಕ್ಕಿತು ಅಂತ ಇವರಿಗೆ ಹೊಟ್ಟೆಕಿಚ್ಚು ಇರಬಹುದಲ್ಲ ಅಕ್ಕ?"

ಸುಳ್ಳೇಕೆ ಹೇಳಲಿ, ನನ್ನ ತಲೆಯಲ್ಲೂ ಅದೇ ಬಂದಿತ್ತು. ಹೆಸರು ತೆಗೆಯಿರಿ ಎಂದದ್ದಕ್ಕೂ ಅವರ ಮಾತೊಂದೇ ಸಾಕ್ಷಿ, ಖಾಲಿ ವಾಹಕಕ್ಕೂ ಅವರ ಮಾತೊಂದೇ ಸಾಕ್ಷಿ.

ಶಶಿ ಮಾತ್ರ ಅವರ ಎದುರು ನೆಲದ ಮೇಲೆ ಕೂತಳು. "ಮೇಡಂ, ನಿಮ್ಮ ಕೈಯದ್ದೇ ತಪ್ಪಾಗಿದ್ರೆ? ಆ ಸರ್ ಹೇಳಿದ್ದೇ ಸರಿ ಇದ್ರೆ?"

ಮೇಡಂ ತಮ್ಮ ಎರಡೂ ಕೈಗಳನ್ನು ತಿರುಗಿಸಿ ನೋಡಿಕೊಂಡರು. "ಇರಬಹುದು" ಎಂದರು. "ಎರಡೇ ಸಲ ಮಾಡಿದ್ದು. ಖಂಡಿತ ಅಂತ ನಾನು ಹೇಗೆ ಹೇಳುದು?"

ಅತ್ತೆ ಮೂಗಿನಲ್ಲೇ ನಕ್ಕರು. ಗೆದ್ದಂತಾಯಿತು ಎಂದು ಜನಾರ್ದನ ದನದ ಹಟ್ಟಿಯ ಕಡೆ ಹೊರಟ. ಮೇಡಂ ಶಶಿಯನ್ನೇ ನೋಡುತ್ತಿದ್ದರು.

"ಆದ್ರೆ ಒಂದು ಕೇಳು. ನಾನು ತಪ್ಪಿದ್ದು ಅಂತಲೇ ಇಟ್ಟುಕೊಳ್ಳುವ. ಅದು ತಟ್ಟೆಯಲ್ಲಿ ಇದ್ದ ಕೋಶದ ಕತೆ. ಅದನ್ನು ಯಾರೂ ತಿಂದದ್ದಲ್ಲ. ನೀನು ತಿಂದದ್ದು ಹೊಟ್ಟೆಯಲ್ಲಿ ಅಕ್ಕಿ ಬೇಳೆಯ ಹಾಗೆ ಕರಗಿ ಹೋಗ್ತದೆ ಅಂತ ನನ್ನ ಲೆಕ್ಕ. ಅದನ್ನೂ ನಂಬುದು ಬೇಡ. ನನ್ನನ್ನೂ ನಂಬುದು ಬೇಡ, ಪ್ರಸನ್ನನನ್ನೂ ಬೇಡ. ನಾಳೆ ಸುಳ್ಯಕ್ಕೆ ಹೋಗಿ ಮೂತ್ರ ಪರೀಕ್ಷೆ ಮಾಡಿಸು. ಈ ರೋಗ ಮೂತ್ರಪಿಂಡಕ್ಕೆ ಹೋದ್ರೆ ಮೂತ್ರದಲ್ಲಿ ಪ್ರೋಟೀನ್ ಕಾಣ್ತದೆ. ಅದು ಇಲ್ಲದಿದ್ರೆ ಕ್ಯಾಪ್ಸೂಲಾದ್ರೂ ತಿನ್ನು, ಎಂತಾದ್ರೂ ತಿನ್ನು, ನಾನು ಮತ್ತೆ ಈ ಮನೆಗೆ ಬರುದಿಲ್ಲ."

ಶಶಿ ಕೆಳದನಿಯಲ್ಲಿ, "ಬೆಳಿಗ್ಗೆ ಮೂತ್ರದಲ್ಲಿ ನೊರೆ ಬರ್ತದೆ ಮೇಡಂ" ಎಂದಳು.

ಪ್ರೋಟೀನ್ ಇತ್ತು, ಹೆದರುವಷ್ಟು ಇತ್ತು. ಆ ವಾರವೇ ಅವಳನ್ನು ಮಂಗಳೂರಿಗೆ ಸೇರಿಸಿದೆವು. ಮೂತ್ರಪಿಂಡದ ಮೇಲೆ ರೋಗ ಕೈ ಹಾಕಿತ್ತು. ಬಲವಾದ ಔಷಧಿಗಳಾದವು, ಮುಖ ಮತ್ತೆ ಊದಿತು, ಕೂದಲು ಉದುರಿತು. ಇನ್ನೂ ತಡವಾಗಿದ್ದರೆ ಡಯಾಲಿಸಿಸ್ ಆಗಬೇಕಿತ್ತು ಎಂದು ಡಾಕ್ಟರು ಹೇಳಿದಾಗ ಜನಾರ್ದನ ಗೋಡೆಯ ಕಡೆ ಮುಖ ಮಾಡಿ ಅತ್ತ. ಶಶಿ ಬದುಕಿದಳು. ಈಗಲೂ ಗುಳಿಗೆ ನುಂಗುತ್ತಾಳೆ, ಟೋಪಿ ಹಾಕಿ ತೋಟಕ್ಕೆ ಹೋಗುತ್ತಾಳೆ.

ಅಷ್ಟಾದರೂ ಊರಿನ ಸಂಶಯ ಮುಗಿಯಲಿಲ್ಲ. ಆ ಮೇಡಂಗೆ ಮಂಗಳೂರಿನ ಆಸ್ಪತ್ರೆಯ ಜೊತೆ ಒಳವ್ಯವಹಾರ ಉಂಟು ಎಂದು ಪ್ರಸನ್ನ ಹೇಳಿಕೊಂಡು ತಿರುಗಿದ. ಸ್ಟಾಫ್‌ರೂಮಿನಲ್ಲಿ ಭೌತಶಾಸ್ತ್ರದವರು, "ಎಂತದೋ ಇಲ್ಲದೆ ಒಬ್ಬರು ಇಷ್ಟು ತಲೆಬಿಸಿ ಮಾಡ್ಕೊಳ್ಳುದಿಲ್ಲ" ಎಂದರು. ಮೇಡಂ ಎಂದಿನಂತೆ ತರಗತಿಗೆ ಹೋಗಿ ಬಂದರು. ಬಸ್ಸಿನಲ್ಲಿ ನಾನು ಕೃತಜ್ಞತೆ ಹೇಳಲು ಹೋದರೆ, "ಪರೀಕ್ಷೆಯಲ್ಲಿ ಎಂತ ಇಲ್ಲ ಅಂತ ಬಂದಿದ್ರೆ ನೀವು ನನ್ನ ಹತ್ರ ಮಾತಾಡ್ತಿದ್ದಿರಾ?" ಎಂದು ಕೇಳಿದರು. ನನ್ನ ಸ್ಟಾಪ್ ಬಂದಿತ್ತು, ಚೀಲ ಎತ್ತಿಕೊಂಡು ಇಳಿದೆ.

ನಿವೃತ್ತಿಗೆ ಇನ್ನೂ ಸಮಯವಿರುವಾಗಲೇ ಅವರು ಹೋಗಿಬಿಟ್ಟರು. ರಜೆಯಲ್ಲಿ, ಕಡಬದ ಮನೆಯಲ್ಲಿ, ಹೃದಯಾಘಾತವಂತೆ. ಉತ್ತರಕ್ರಿಯೆಯ ದಿನ ನಾನೂ ಶಶಿಯೂ ಹೋದೆವು. ಊಟ ಮುಗಿದು ಜನ ಚದುರಿದ ಮೇಲೆ ಜಗಲಿಯಲ್ಲಿ ನಾವಿಬ್ಬರು, ಅವರ ತಮ್ಮ, ಮತ್ತೆ ಒಬ್ಬರು ಅಪರಿಚಿತ ಗಂಡಸು ಉಳಿದೆವು. ಕನ್ನಡಕ, ಬಿಳಿ ಅಂಗಿ, ಘಟ್ಟದ ಮೇಲಿನ ಮಾತು. ಅದೇ ಪ್ರಯೋಗಾಲಯದಲ್ಲಿ ಮೇಡಂ ಜೊತೆ ಓದಿದವರಂತೆ. ಫೋನಿನಲ್ಲಿ ಸುದ್ದಿ ನೋಡಿ ಬೆಂಗಳೂರಿನಿಂದ ಬಂದಿದ್ದರು.

ಮೇಡಂ ಅವರ ತಮ್ಮ ಎಲ್ಲರಿಗೂ ಚಹಾ ತಂದಿಟ್ಟರು. ಕನ್ನಡಕದವರು ಅದನ್ನು ಮುಟ್ಟದೆ, ಯಾರೂ ಕೇಳದೆಯೇ ಹೇಳತೊಡಗಿದರು.

"ಅವರು ಬಿಟ್ಟು ಹೋದ್ಮೇಲೆ ಆ ಕೆಲಸ ನನ್ನ ಪಾಲಿಗೆ ಬಂತು. ನಾನು ಪೂರ್ತಿ ಶುದ್ಧವಾಗಿರೋ ವಾಹಕ ತರಿಸಿ ಮಾಡ್ದೆ. ಕೋಶಗಳು ಸುಮ್ಮನಾಗ್ಲೇ ಇಲ್ಲ. ಎಷ್ಟು ಸಲ ಮಾಡಿದ್ರೂ ಅಷ್ಟೇ. ಅವರು ಹೇಳಿದ್ದೇ ನಿಜ ಆಗಿತ್ತು. ಅಷ್ಟೊತ್ತಿಗೆ ಲೇಖನ ಅಚ್ಚಾಗಿಬಿಟ್ಟಿತ್ತು. ಗೈಡ್ ಸರ್ ಇದನ್ನ ಇಲ್ಲಿಗೇ ಬಿಡಿ ಅಂದ್ರು."

ಈಗ ಯಾಕೆ ಬಂದರು ಇವರು? ಹೇಳಿಸಿಕೊಳ್ಳಬೇಕಾದವರು ಇಲ್ಲದಿರುವಾಗ ಹೇಳುವುದು ಸುಲಭವಲ್ಲವೇ? ಮೇಡಂ ಜೊತೆ ಅಷ್ಟು ವರ್ಷ ಕೂತದ್ದರಿಂದಲೋ ಏನೋ, ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಶಶಿ ಕೇಳಿದಳು, "ಇದನ್ನು ಮೇಡಂಗೆ ಹೇಳಿದಿರಾ?"

"ಅವರಿಗೆ ಗೊತ್ತಿರುತ್ತೆ ಅಂದ್ಕೊಂಡಿದ್ವಿ. ಅವರೇ ತಾನೇ ಕಂಡುಹಿಡಿದಿದ್ದು?"

"ಅವರಿಗೆ ಗೊತ್ತಿರ್ಲಿಲ್ಲ" ಎಂದಳು ಶಶಿ. "ಒಂದು ಫೋನ್ ಮಾಡ್ಲಿಕ್ಕೆ ಆಗ್ಲಿಲ್ವಾ ನಿಮಗೆ?"

ಅವರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು. ಮೇಡಂ ಅವರ ತಮ್ಮ ಎದ್ದು ಒಳಗೆ ಹೋದರು. ಕೊನೆಗೆ ಕನ್ನಡಕದವರು ಎದ್ದು ನಿಂತು, ಬೆಂಗಳೂರಿನ ಬಸ್ಸು ಎಲ್ಲಿ ಸಿಗುತ್ತದೆ ಎಂದು ವಿಚಾರಿಸಿದರು. ಕೆಳಗಿನ ರಸ್ತೆಯಲ್ಲಿ ಎಂದು ನಾನೇ ಹೇಳಿದೆ.

ನಮ್ಮ ಕಡೆ ಮನೆಗೆ ಬಂದವರನ್ನು, ಅವರು ಯಾರೇ ಇರಲಿ, ರಸ್ತೆಯವರೆಗೆ ಹೋಗಿ ಬಸ್ಸು ಹತ್ತಿಸಿ ಬರುವುದು ಕ್ರಮ. ಅವರು ಚಪ್ಪಲಿ ಮೆಟ್ಟಿಕೊಂಡು ಅಂಗಳದಲ್ಲಿ ಸ್ವಲ್ಪ ಹೊತ್ತು ನಿಂತರು. ಆಮೇಲೆ ಒಬ್ಬರೇ ಇಳಿದು ಹೋದರು. ನಾವು ಯಾರೂ ಏಳಲಿಲ್ಲ.